ಎದುರು ಮನೆಯ ಹಿರಿಯ ದಂಪತಿ ಮತ್ತು ಮರೆವಿನ ಕಾಯಿಲೆ: ನೆರೆಯವರು ಏನು ಮಾಡಬಹುದು?

ಪ್ರಶ್ನೆ: ನಮ್ಮ ಎದುರು ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ. ಯಜಮಾನರು ನಿವೃತ್ತ ಮೇಷ್ಟ್ರು, 79 ವರ್ಷ. ಅವರ ಪತ್ನಿಗೆ 75. ಒಬ್ಬಳೇ ಮಗಳು ದೂರದಲ್ಲಿದ್ದಾರೆ. ಎರಡು ವರ್ಷಗಳಿಂದ ಅಮ್ಮನವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಕಳೆದ ತಿಂಗಳು ಒಂದು ಸಂಜೆ ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು, "ನನ್ನನ್ನು ಮನೆಗೆ ಬಿಟ್ಟುಬಿಡಿ, ಅಮ್ಮ ಕಾಯ್ತಾ ಇರ್ತಾಳೆ" ಎಂದರು. ನಿಮ್ಮ ತಾಯಿ ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ ಎಂದು ನಾನು ಹೇಳಿದೆ. ಆಗಷ್ಟೇ ಸುದ್ದಿ ಕೇಳಿದವರಂತೆ ಕುಸಿದು ಕೂತು ಅತ್ತರು. ಮರುವಾರ, ನಾನು ಅವರ ಉಂಗುರ ಕದ್ದಿದ್ದೇನೆ ಎಂದರು. ಮೇಷ್ಟ್ರನ್ನು ಕೇಳಿದರೆ "ಏನಿಲ್ಲ, ವಯಸ್ಸಾಯ್ತಲ್ಲ" ಎನ್ನುತ್ತಾರೆ. ಆಕೆಗೆ ಕೇಳಿದ್ದಕ್ಕೂ ಅವರೇ ಉತ್ತರ ಕೊಡುತ್ತಾರೆ. ಹೊರಗೆ ಹೋಗುವಾಗ ಆಕೆಯನ್ನು ಒಳಗಿಟ್ಟು ಬೀಗ ಹಾಕುತ್ತಾರೆ. ಅವರೂ ಸೊರಗಿದ್ದಾರೆ, ಒಂದೆರಡು ಸಲ ನಲ್ಲಿ ನಿಲ್ಲಿಸುವುದನ್ನು ಮರೆತಿದ್ದಾರೆ. ಆಕೆಗೆ ಸುಳ್ಳು ಹೇಳಬೇಕೆ, ನಿಜ ಹೇಳಬೇಕೆ? ಮಗಳಿಗೆ ತಿಳಿಸಿದರೆ ಅಧಿಕಪ್ರಸಂಗವಾಗುತ್ತದೆಯೆ? ನನ್ನ ಎಂಟು ವರ್ಷದ ಮಗ ಅವರ ಮನೆಗೆ ಹೋಗಿಬರುತ್ತಾನೆ, ಅದನ್ನು ನಿಲ್ಲಿಸಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ ಎಂದು ನನಗೆ ಅನ್ನಿಸುತ್ತದೆ. ಮಾತನಾಡಿದರೆ ನೋವಾಗುತ್ತದೆ, ಸುಮ್ಮನಿದ್ದರೆ ಏನಾದರೂ ಅನಾಹುತವಾಗಬಹುದು. ಹೊರಗಿನವರಾದ ನೀವು ಎಲ್ಲಿಯವರೆಗೆ ಹೋಗಬಹುದು? ವೃದ್ಧರ ಮಾನಸಿಕ ಆರೋಗ್ಯದ ವೈದ್ಯನಾಗಿ ನಾನು ಹೆಚ್ಚಾಗಿ ಮನೆಯವರ ಪ್ರಶ್ನೆಗಳನ್ನೇ ಕೇಳುತ್ತೇನೆ, ನೆರೆಯವರು ಕೇಳುವುದು ಕಡಿಮೆ. ಆದರೆ ಇಬ್ಬರೇ ಇರುವ ಮನೆಯಲ್ಲಿ ಏನಾಗುತ್ತಿದೆ ಎಂಬುದನ್ನು ಮೊದಲು ಕಾಣುವವರು ಅನೇಕ ಸಲ ನೆರೆಯವರೇ ಆಗಿರುತ್ತಾರೆ. ಜಪಾನ್ 2005ರಲ್ಲಿ ಬ್ಯಾಂಕ್ ನೌಕರರು, ಅಂಗಡಿಯವರು, ಶಾಲಾ ಮಕ್ಕಳು ಮುಂತಾದ ಸಾಮಾನ್ಯ ಜನರಿಗೆ ಮರೆವಿನ ಕಾಯಿಲೆಯವರೊಡನೆ ನಡೆದುಕೊಳ್ಳುವ ರೀತಿಯನ್ನು ಕಲಿಸುವ ಕಿರು ತರಬೇತಿಯನ್ನು ಆರಂಭಿಸಿತು. ಈವರೆಗೆ ಒಂದು ಕೋಟಿಗೂ ಹೆಚ್ಚು ಜನ ಅದನ್ನು ಪಡೆದಿದ್ದಾರೆ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಅಧಿಕಪ್ರಸಂಗವೆಂದು ನೋಡುವುದಿಲ್ಲ.

ಮೊದಲು ಮೇಷ್ಟ್ರ ಮಾತನ್ನೇ ತೆಗೆದುಕೊಳ್ಳೋಣ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲ ಕೇಳುತ್ತಲೇ ಬೆಳೆದಿದ್ದೇವೆ. ಆದರೆ ವಯಸ್ಸಿನ ಮರೆವು ಬೇರೆ, ಮೆದುಳಿನ ಕಾಯಿಲೆಗಳಿಂದ ನೆನಪು, ಯೋಚನೆ, ದಿನನಿತ್ಯದ ಕೆಲಸದ ಶಕ್ತಿ ಕುಂದುತ್ತಾ ಹೋಗುವ ಡಿಮೆನ್ಶಿಯಾ ಬೇರೆ. ವಯಸ್ಸಾದವರಿಗೆ ಪರಿಚಿತರ ಹೆಸರು ಆ ಕ್ಷಣಕ್ಕೆ ನಾಲಿಗೆಗೆ ಬಾರದೆ, ಅರ್ಧ ಗಂಟೆಯ ನಂತರ ತಾನಾಗಿ ನೆನಪಾಗಬಹುದು, ಅದು ಸಹಜ. ನೀವು ಭೇಟಿಯಾಗಿ ಮಾತನಾಡಿದ್ದೇ ಹತ್ತು ನಿಮಿಷದಲ್ಲಿ ಅಳಿಸಿಹೋಗುವುದು, ಹತ್ತಾರು ವರ್ಷ ಮಾಡಿದ ಮನೆಗೆಲಸದ ಕ್ರಮ ತಪ್ಪುವುದು, ತನ್ನ ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕೆನ್ನುವುದು ಸಹಜವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು, ಅವರಲ್ಲಿ ಶೇಕಡಾ 60ರಿಂದ 70ರಷ್ಟು ಜನರದು ಅಲ್ಝೈಮರ್ ಕಾಯಿಲೆ. ಉಳಿದವರಲ್ಲಿ ಮೆದುಳಿನ ರಕ್ತನಾಳಗಳ ತೊಂದರೆ, ಮೆದುಳಿನ ಕೋಶಗಳಲ್ಲಿ ಪ್ರೋಟೀನ್ ಗಂಟುಗಳು ಸೇರುವ ಲ್ಯೂಯಿ ಬಾಡಿ ಎಂಬ ಬಗೆ, ನೆನಪಿಗಿಂತ ಮೊದಲು ಸ್ವಭಾವವನ್ನೇ ಬದಲಿಸುವ ಬಗೆ ಹೀಗೆ ಬೇರೆ ಬೇರೆ ಕಾರಣಗಳಿರುತ್ತವೆ.

ಪತ್ರ ಓದಿ ಆಕೆಗೆ ಇಂಥದೇ ಕಾಯಿಲೆ ಎಂದು ನಾನು ಹೇಳಲಾರೆ, ನೀವೂ ಹಾಗೆ ತೀರ್ಮಾನಿಸಬೇಡಿ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಕಟ್ಟಿಕೊಂಡ ರಕ್ತ, ನಿದ್ರೆಗೋ ಅಲರ್ಜಿಗೋ ತೆಗೆದುಕೊಳ್ಳುವ ಕೆಲವು ಮಾತ್ರೆಗಳು, ಇವೆಲ್ಲವೂ ಡಿಮೆನ್ಶಿಯಾವನ್ನೇ ಹೋಲುವ ಗೊಂದಲವನ್ನು ತರಬಲ್ಲವು, ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಸರಿಯಾಗಿ ಕಿವಿ ಕೇಳಿಸದ ಹಿರಿಯರೂ ಮರೆವಿನವರಂತೆ ಕಾಣುತ್ತಾರೆ. ವಯಸ್ಸಾಯ್ತು ಎಂದು ಸುಮ್ಮನಾಗುವುದರ ದೊಡ್ಡ ನಷ್ಟವೆಂದರೆ ಈ ತಪಾಸಣೆಯೇ ನಡೆಯದೆ ಉಳಿದುಬಿಡುವುದು.

ಇನ್ನು ಆ ಸಂಜೆಯ ಘಟನೆ. ಅಲ್ಝೈಮರ್ ಕಾಯಿಲೆ ಹೆಚ್ಚಾಗಿ ಮೊದಲು ಹಾನಿ ಮಾಡುವುದು ಹೊಸ ಅನುಭವಗಳನ್ನು ನೆನಪಾಗಿ ಉಳಿಸುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಇಂದು ಬೆಳಿಗ್ಗೆ ನಡೆದದ್ದು ದಾಖಲಾಗುವುದಿಲ್ಲ. ಬಾಲ್ಯ, ತವರು, ತಾಯಿ ಮಾತ್ರ ಬಹಳ ಕಾಲ ಉಳಿಯುತ್ತವೆ. ಹೊತ್ತು ಇಳಿಯುವಾಗ ದಣಿವು ಮತ್ತು ಮಬ್ಬು ಬೆಳಕು ಸೇರಿ ಗೊಂದಲ ಹೆಚ್ಚುತ್ತದೆ, ಅನೇಕರಿಗೆ ಸಂಜೆಯೇ ದಿನದ ಕಷ್ಟದ ವೇಳೆ. ಆಗ "ಮನೆಗೆ ಹೋಗಬೇಕು" ಎಂದರೆ ಭಯವಾಗುತ್ತಿದೆ, ನನ್ನವರು ಯಾರೂ ಕಾಣುತ್ತಿಲ್ಲ ಎಂದು ಅರ್ಥ. ತಾಯಿಯ ಸಾವಿನ ನೆನಪು ಆ ಕ್ಷಣದಲ್ಲಿ ಆಕೆಯ ಬಳಿ ಇರಲಿಲ್ಲವಾದ್ದರಿಂದ ನಿಮ್ಮ ಮಾತು ಆಕೆಗೆ ಹೊಸ ಸಾವಿನ ಸುದ್ದಿಯಾಯಿತು. ನಿಜವನ್ನೇ ಹೇಳಿದ ನಿಮ್ಮನ್ನು ಯಾರೂ ದೂರುವಂತಿಲ್ಲ. ಆದರೆ ಅದನ್ನು ಇನ್ನೊಮ್ಮೆ ಹೇಳಬೇಕಾಗಿಲ್ಲ, ಏಕೆಂದರೆ ಸುದ್ದಿ ಮರೆತುಹೋಗುತ್ತದೆ, ಸಂಕಟ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಲ್ಝೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಚಿತ್ರತುಣುಕುಗಳನ್ನು ತೋರಿಸಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ನೋಡಿದ್ದು ಹೆಚ್ಚುಕಡಿಮೆ ಮರೆತುಹೋಗಿತ್ತು, ಆದರೆ ಅದು ಎಬ್ಬಿಸಿದ ಭಾವ ಹೋಗಿರಲಿಲ್ಲ. ಬಾಗಿಲಲ್ಲಿ ನೀವು ಆಡುವ ಎರಡು ಮಾತನ್ನು ಈ ದೃಷ್ಟಿಯಿಂದ ತೂಗಿ ನೋಡಿ.

ಹಾಗಾದರೆ ಸುಳ್ಳು ಹೇಳಬೇಕೆ? ನಾನು ಅದನ್ನೂ ಸಲಹೆ ಮಾಡುವುದಿಲ್ಲ. "ನಿಮ್ಮ ತಾಯಿ ನಾಳೆ ಬರುತ್ತಾರೆ" ಎಂದರೆ ಆ ಕ್ಷಣ ಸಮಾಧಾನವಾಗಬಹುದು, ಆದರೆ ಆಕೆ ಬಾಗಿಲಲ್ಲೇ ಕಾಯುತ್ತಾ ನಿಲ್ಲಬಹುದು; ಕಾಯಿಲೆಯ ಆರಂಭದ ಹಂತದಲ್ಲಿರುವವರಿಗೆ ಎದುರಿನವರ ಸುಳ್ಳು ಥಟ್ಟನೆ ಗೊತ್ತಾಗುತ್ತದೆ, ಒಮ್ಮೆ ಗೊತ್ತಾದರೆ ನಂಬಿಕೆ ಮತ್ತೆ ಕೂಡುವುದು ಕಷ್ಟ. ನಿಜಕ್ಕೂ ಸುಳ್ಳಿಗೂ ನಡುವೆ, ಆಕೆಯ ಭಾವಕ್ಕೆ ಉತ್ತರ ಕೊಡುವ ಒಂದು ದಾರಿಯಿದೆ. "ಅಮ್ಮನ ನೆನಪಾಯ್ತಾ? ಒಳಗೆ ಬನ್ನಿ, ಕೂತ್ಕೊಳ್ಳಿ. ನಿಮ್ಮಮ್ಮನಿಗೆ ನೀವಂದ್ರೆ ತುಂಬಾ ಪ್ರೀತಿ ಇತ್ತು ಅನ್ಸುತ್ತೆ, ಹೇಗಿದ್ರು ಅವರು?" ಎಂದು ಕೇಳಿ, ಒಂದು ಲೋಟ ನೀರು ಕೊಡಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಹತ್ತು ನಿಮಿಷದ ನಂತರ "ನಡೀರಿ, ನಾನೂ ನಿಮ್ಮ ಜೊತೆ ಬರ್ತೀನಿ" ಎಂದು ಮೇಷ್ಟ್ರ ಬಳಿಗೆ ಕರೆದುಕೊಂಡು ಹೋಗಿ. ಇದರಲ್ಲಿ ಒಂದೂ ಸುಳ್ಳಿಲ್ಲ. ಆಕೆಯೇ ಕಣ್ಣಲ್ಲಿ ಕಣ್ಣಿಟ್ಟು "ಅಮ್ಮ ಇದ್ದಾಳಾ, ಹೋಗಿಬಿಟ್ಟಳಾ?" ಎಂದು ಕೇಳಿದರೆ ಮಾತ್ರ, "ಹೌದು, ಹೋಗಿಬಿಟ್ಟರು" ಎಂದು ಮೆಲ್ಲಗೆ ಹೇಳಿ ಪಕ್ಕದಲ್ಲೇ ಕುಳಿತಿರಿ. ತಾನಾಗಿ ಸತ್ಯದ ಕಡೆಗೆ ಬಂದವರನ್ನು ಹಿಂದಕ್ಕೆ ತಳ್ಳುವುದು ನನಗೆ ಸರಿಯೆನಿಸುವುದಿಲ್ಲ.

ದಿನನಿತ್ಯದ ಭೇಟಿಗಳಿಗೂ ಇದೇ ಅನ್ವಯ. ಹಿಂದಿನಿಂದ ಕರೆಯದೆ ಎದುರಿಗೆ ಬಂದು, ಕಣ್ಣಿನ ಮಟ್ಟದಲ್ಲಿ ನಿಂತು, "ನಾನು ಎದುರು ಮನೆಯವಳು" ಎಂದು ನೀವೇ ಹೇಳಿಕೊಂಡು ಮಾತು ಶುರು ಮಾಡಿ. "ನಾನ್ಯಾರು ಹೇಳಿ ನೋಡೋಣ" ಎಂಬ ಪ್ರಶ್ನೆಯನ್ನು ಎಷ್ಟು ಪ್ರೀತಿಯಿಂದ ಕೇಳಿದರೂ ಅದು ಪರೀಕ್ಷೆಯೇ, ಆ ಪರೀಕ್ಷೆಯಲ್ಲಿ ಎಲ್ಲರೆದುರು ಸೋಲುವ ಅವಮಾನ ಆಕೆಯದು. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಉತ್ತರಕ್ಕೆ ಹೆಚ್ಚು ಹೊತ್ತು ಕಾಯಿರಿ. ಕೇಳಿದ್ದನ್ನೇ ಮತ್ತೆ ಕೇಳಿದರೆ, "ಆಗಲೇ ಹೇಳಿದೆನಲ್ಲ" ಎನ್ನದೆ ಮೊದಲ ಸಲ ಕೇಳಿದಾಗಿನಂತೆಯೇ ಉತ್ತರಿಸಿ; ಮೂರನೆಯ ಸಲದ ನಂತರ ನೀವೇ ಮಾತನ್ನು ಬೇರೆಡೆಗೆ ತಿರುಗಿಸಬಹುದು. ಮೇಷ್ಟ್ರು ಆಕೆಯ ಪರವಾಗಿ ಉತ್ತರಿಸಿದಾಗ ಅದನ್ನು ಕೇಳಿಸಿಕೊಂಡು, ಮತ್ತೆ ಆಕೆಯ ಕಡೆಗೇ ತಿರುಗಿ ಮಾತು ಮುಂದುವರಿಸಿ. ಅವರು ಹಾಗೆ ಉತ್ತರಿಸುವುದು ಆಕೆಯ ತಪ್ಪು ನಾಲ್ಕು ಜನರ ಮುಂದೆ ಬಯಲಾಗಬಾರದೆಂಬ ಕಾಳಜಿಯಿಂದ. ಆದರೆ ಸುತ್ತಲಿನವರೆಲ್ಲ ಗಂಡನೊಡನೆ ಮಾತ್ರ ಮಾತನಾಡತೊಡಗಿದರೆ, ಇನ್ನೂ ಮಾತಾಡಬಲ್ಲ ಹೆಂಗಸು ತಿಂಗಳುಗಳಲ್ಲಿ ಮೌನಕ್ಕೆ ಬೀಳುವುದನ್ನು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಆಕೆಯ ಎದುರಿನಲ್ಲೇ ಆಕೆಯ ಸ್ಥಿತಿಯ ಬಗ್ಗೆ ಅವರೊಡನೆ ಪಿಸುಗುಟ್ಟುವುದಂತೂ ಬೇಡವೇ ಬೇಡ.

ಕಳ್ಳತನದ ಆರೋಪ ನಿಮ್ಮನ್ನು ಬಹಳ ನೋಯಿಸಿರಬೇಕು. ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡಬೇಕೆಂದು ಆಕೆ ಎಲ್ಲೋ ಎತ್ತಿಡುತ್ತಾರೆ, ಎತ್ತಿಟ್ಟದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಆದರೆ ವಸ್ತು ಕಾಣೆಯಾದದ್ದು ಕಣ್ಣೆದುರಿಗಿರುತ್ತದೆ. ಆ ಅಂತರವನ್ನು ಮೆದುಳು ಒಂದು ಕಾರಣ ಕೊಟ್ಟು ತುಂಬುತ್ತದೆ, ಕಾರಣವಾಗಿ ಸಿಗುವುದು ಹತ್ತಿರ ಓಡಾಡುವ ವ್ಯಕ್ತಿಯೇ. ಗಂಡನೂ ಇದಕ್ಕೆ ಹೊರತಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ವಿವರಿಸಿದ ಮೊದಲ ರೋಗಿ ಆಗಸ್ಟೆ ಡೀಟರ್ ಎಂಬ ಮಹಿಳೆಯಲ್ಲಿ ಮೊದಲು ಎದ್ದು ಕಂಡ ಲಕ್ಷಣ ಗಂಡನ ಮೇಲಿನ ಸಂಶಯವೇ ಆಗಿತ್ತು. ಆದ್ದರಿಂದ ವಾದ ಬೇಡ, "ನೀವೇ ಎಲ್ಲೋ ಇಟ್ಟಿರ್ತೀರಿ" ಎನ್ನುವುದೂ ಬೇಡ. "ಉಂಗುರ ಕಾಣದೆ ಇದ್ರೆ ಗಾಬರಿ ಆಗೋದೇ, ಬನ್ನಿ ಹುಡುಕೋಣ" ಎನ್ನಿ. ಹುಡುಕುವಾಗ ಮೇಷ್ಟ್ರೂ ಜೊತೆಯಲ್ಲಿರಲಿ. ದಿಂಬಿನ ಚೀಲ, ಮಡಿಸಿಟ್ಟ ಬಟ್ಟೆಗಳ ನಡುವೆ, ಡಬ್ಬಿಗಳ ಒಳಗೆ ನೋಡಿ. ಕಸದ ಬುಟ್ಟಿಯನ್ನು ಖಾಲಿ ಮಾಡುವ ಮುನ್ನವೂ ಒಮ್ಮೆ ನೋಡುವುದು ಒಳ್ಳೆಯದು. ಉಂಗುರ ನಿಮ್ಮ ಕಣ್ಣಿಗೆ ಬಿದ್ದರೆ ನೀವೇ ಎತ್ತಿ ಕೊಡಬೇಡಿ, ಕೊಟ್ಟರೆ ಅದೇ ಆಕೆಗೆ ಸಾಕ್ಷಿಯಾಗುತ್ತದೆ. "ಈ ಕಡೆ ನೋಡಿದ್ರಾ?" ಎಂದು ತೋರಿಸಿ, ಆಕೆಯ ಕೈಗೇ ಅದು ಸಿಗುವಂತೆ ಮಾಡಿ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಅವರೇ. ಇಂಥ ದಂಪತಿಯನ್ನು ಕಂಡಾಗ ಎಲ್ಲರ ಕಣ್ಣೂ ಕಾಯಿಲೆಯವರ ಮೇಲಿರುತ್ತದೆ, ನೋಡಿಕೊಳ್ಳುವ 79ರ ಮನುಷ್ಯ ಆರೋಗ್ಯವಂತರೆಂದೇ ಎಣಿಕೆಯಾಗುತ್ತದೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು 66ರಿಂದ 96 ವರ್ಷದವರೆಗಿನ ದಂಪತಿಗಳನ್ನು ಸುಮಾರು ನಾಲ್ಕು ವರ್ಷ ಗಮನಿಸಿತ್ತು. ಅಸ್ವಸ್ಥ ಸಂಗಾತಿಯ ಆರೈಕೆಯಲ್ಲಿ ಒತ್ತಡ ಅನುಭವಿಸುತ್ತಿದ್ದವರಲ್ಲಿ ಸಾವಿನ ಅಪಾಯ, ಆರೈಕೆಯ ಹೊರೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ಅವರು ಸೊರಗಿರುವುದು, ನಲ್ಲಿ ಮರೆಯುವುದು ನಿದ್ರೆಗೆಟ್ಟ ರಾತ್ರಿಗಳಿಂದ ಇರಬಹುದು, ಖಿನ್ನತೆಯಿಂದ ಇರಬಹುದು, ಅವರದೇ ಮರೆವಿನ ಆರಂಭವೂ ಇರಬಹುದು. ಯಾವುದು ಎಂಬುದು ತಪಾಸಣೆಯಿಂದಷ್ಟೇ ತಿಳಿಯುತ್ತದೆ. ಹಾಗಾಗಿ "ಅಮ್ಮನವರನ್ನು ತೋರಿಸಿ" ಎನ್ನುವುದಕ್ಕಿಂತ "ಇಬ್ಬರೂ ಒಮ್ಮೆ ಪೂರ್ತಿ ಚೆಕಪ್ ಮಾಡಿಸಿಕೊಳ್ಳಿ, ನಾನೂ ಜೊತೆಗೆ ಬರ್ತೀನಿ" ಎನ್ನುವುದು ಅವರಿಗೆ ಒಪ್ಪಿಗೆಯಾಗುವ ಸಾಧ್ಯತೆ ಹೆಚ್ಚು, ಮತ್ತು ವೈದ್ಯಕೀಯವಾಗಿ ಅದೇ ಸರಿ.

"ಏನಾದ್ರೂ ಬೇಕಾದ್ರೆ ಹೇಳಿ" ಎಂಬ ಮಾತಿನಿಂದ ಇಂಥವರಿಗೆ ಉಪಯೋಗವಾಗುವುದು ಕಡಿಮೆ, ಏಕೆಂದರೆ ಅವರು ಕೇಳುವುದಿಲ್ಲ. "ಬುಧವಾರ ನಾಲ್ಕರಿಂದ ಐದು ನಾನು ಅಮ್ಮನವರ ಜೊತೆ ಕೂತಿರ್ತೀನಿ, ಅಷ್ಟರಲ್ಲಿ ನೀವು ಬ್ಯಾಂಕಿಗೆ ಹೋಗಿ ಬನ್ನಿ" ಎಂದು ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿಬಿಡಿ. ಇದರಲ್ಲಿ ನಿಮಗೂ ಒಂದು ಅಪಾಯವಿದೆ. ಒಳ್ಳೆಯ ಮನಸ್ಸಿನ ನೆರೆಯವರ ಮೇಲೆ ಕ್ರಮೇಣ ಇಡೀ ಆರೈಕೆಯ ಹೊಣೆ ಬೀಳುವುದುಂಟು. ಆಮೇಲೆ ಸಾಕಾಗಿ ಒಮ್ಮೆಲೇ ಹಿಂದೆ ಸರಿದರೆ ಎಲ್ಲರಿಗೂ ನೋವು. ಎಷ್ಟು ದಿನ ಬೇಕಾದರೂ ನಡೆಸಿಕೊಂಡು ಹೋಗಬಲ್ಲಷ್ಟನ್ನೇ ಒಪ್ಪಿಕೊಳ್ಳಿ. ಔಷಧ ಕೊಡುವುದು, ಹಣಕಾಸು ನೋಡಿಕೊಳ್ಳುವುದು ಇವೆರಡರಿಂದ ಮಾತ್ರ ದೂರವಿರಿ.

ಬೀಗದ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ: ಗೊಂದಲದಲ್ಲಿರುವ ಒಬ್ಬರನ್ನು ಮನೆಯಲ್ಲಿ ಒಂಟಿಯಾಗಿ ಕೂಡಿಹಾಕಿ ಹೊರಗಿನಿಂದ ಬೀಗ ಹಾಕುವುದು ಅಪಾಯಕಾರಿ. ಬೆಂಕಿ ಹೊತ್ತಿಕೊಂಡರೆ, ಬಿದ್ದು ಸೊಂಟ ಮುರಿದರೆ, ಸಹಾಯ ಒಳಗೆ ಬರುವ ದಾರಿಯೇ ಇರುವುದಿಲ್ಲ. ಆದರೆ ಮೇಷ್ಟ್ರ ಭಯವೂ ಸುಳ್ಳಲ್ಲ, ಬೀಗವಿಲ್ಲದಿದ್ದರೆ ಆಕೆ ರಸ್ತೆಗಿಳಿದು ದಾರಿ ತಪ್ಪಬಹುದು. ಆದ್ದರಿಂದ ಅವರನ್ನು ತಪ್ಪಿತಸ್ಥರನ್ನಾಗಿಸದೆ, ಬೀಗದ ಬದಲಿಗೆ ಏನು ಎಂಬುದನ್ನು ಮುಂದಿಡಿ. ಅವರು ಹೊರಗೆ ಹೋಗುವಾಗ ಯಾರಾದರೂ ಮನೆಯಲ್ಲಿರುವ ಏರ್ಪಾಡು ಎಲ್ಲಕ್ಕಿಂತ ಒಳ್ಳೆಯದು. ಅದು ಆಗುವವರೆಗೆ ಇನ್ನೊಂದು ಕೀಲಿಕೈ ನಿಮ್ಮ ಬಳಿ ಇರಲಿ, ಗ್ಯಾಸ್‌ನ ರೆಗ್ಯುಲೇಟರ್ ಆಫ್ ಆಗಿರಲಿ. ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ, ಮೇಷ್ಟ್ರ ಮತ್ತು ಮಗಳ ಫೋನ್ ನಂಬರ್ ಇರುವ ಕೈಪಟ್ಟಿ, ಇತ್ತೀಚಿನ ಒಂದು ಫೋಟೊ, ಇಷ್ಟು ಸಿದ್ಧವಿದ್ದರೆ ಆಕೆ ಕಾಣೆಯಾದರೂ ಹುಡುಕುವುದು ಸುಲಭ. ಅಂಥ ಸಂದರ್ಭ ಬಂದರೆ ಬರುತ್ತಾರೆಂದು ಕಾಯುತ್ತಾ ಕೂರದೆ ಕೂಡಲೇ ಪೊಲೀಸರಿಗೆ ತಿಳಿಸಿ, ಮನೆಯ ಹತ್ತಿರದ ಜಾಗಗಳಿಂದಲೇ ಹುಡುಕಾಟ ಆರಂಭಿಸಿ.

ಮಗಳಿಗೆ ತಿಳಿಸುವ ಬಗ್ಗೆ ಮೊದಲು ಮೇಷ್ಟ್ರೊಡನೆ ಒಂಟಿಯಾಗಿ, ಆಕೆ ಕೇಳಿಸಿಕೊಳ್ಳದ ಹೊತ್ತಿನಲ್ಲಿ ಮಾತನಾಡಿ. ಅವರು ನಿರಾಕರಿಸಬಹುದು, ಸಿಟ್ಟಾಗಬಹುದು, ಕೆಲವು ದಿನ ಬಾಗಿಲು ಮುಚ್ಚಿಕೊಳ್ಳಲೂಬಹುದು. ಹೆಂಡತಿಯ ಮಾನ ಕಾಪಾಡುವುದೇ ತನ್ನ ಕೊನೆಯ ಕರ್ತವ್ಯವೆಂದು ನಂಬಿದವರ ಬಳಿ ಅವಸರ ನಡೆಯುವುದಿಲ್ಲ, ಎರಡು ಮೂರು ಸಲ ಪ್ರಯತ್ನಿಸಿ. ಅವರಿಗೆ ಗೊತ್ತಿದ್ದೇ ಮಗಳೊಡನೆ ಮಾತನಾಡುವುದು ಉತ್ತಮ. ಅವರನ್ನು ಬಿಟ್ಟು ನೇರವಾಗಿ ಫೋನ್ ಮಾಡಿದರೆ ಅವರ ನಂಬಿಕೆ ಕಳೆದುಕೊಳ್ಳುವಿರಿ, ಆ ಮನೆಯೊಳಗೆ ಹೋಗಿಬರುವ ಒಬ್ಬರೂ ಇಲ್ಲದಂತಾಗುತ್ತದೆ. ಆದರೂ ಬೆಂಕಿ, ಬೀಳುವಿಕೆ, ದಾರಿ ತಪ್ಪುವುದು, ಊಟ ಔಷಧ ಬಿಟ್ಟುಹೋಗುವುದು, ಕೈ ಮಾಡುವುದು ಇವುಗಳಲ್ಲಿ ಯಾವುದಾದರೂ ನಿಮ್ಮ ಕಣ್ಣಿಗೆ ಬಿದ್ದರೆ ನಂಬಿಕೆಯ ಲೆಕ್ಕಕ್ಕಿಂತ ಜೀವ ದೊಡ್ಡದು, ಅಂದೇ ಮಗಳಿಗೆ ತಿಳಿಸಿ. ಬೀಗ ಹಾಕಿ ಹೋಗುವುದು ನಿಲ್ಲದಿದ್ದರೂ ಹಾಗೆಯೇ. ತಿಳಿಸುವಾಗ "ನಿಮ್ಮ ತಾಯಿಗೆ ಅಲ್ಝೈಮರ್" ಎನ್ನಬೇಡಿ. ಇಂಥ ದಿನ, ಇಷ್ಟು ಹೊತ್ತಿಗೆ, ಹೀಗೆ ನಡೆಯಿತು ಎಂದು ಕಂಡದ್ದನ್ನಷ್ಟೇ ಹೇಳಿ. ಅದೇ ವಿವರ ವೈದ್ಯರಿಗೂ ಬೇಕಾದದ್ದು.

ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದೆಂದು ಮೇಷ್ಟ್ರೋ ಮಗಳೋ ಕೇಳಿದರೆ ಹೀಗೆ ಹೇಳಿ: ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಸುದ್ದಿಯಲ್ಲಿರುವ ಲೆಕಾನೆಮ್ಯಾಬ್‌ನಂಥ ಔಷಧಗಳು ತೀರಾ ಆರಂಭದ ಹಂತದ ಅಲ್ಝೈಮರ್‌ಗೆ ಮಾತ್ರ. ಅವು ಕುಸಿತವನ್ನು ತುಸು ನಿಧಾನಗೊಳಿಸುತ್ತವೆ, ಜೊತೆಗೆ ಮೆದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವನ್ನೂ ತರುತ್ತವೆ. ರಾತ್ರಿ ಗಲಾಟೆ ಮಾಡುತ್ತಾರೆಂದು ಯಾರದೋ ಮನೆಯ ನಿದ್ರೆ ಮಾತ್ರೆಯನ್ನೋ ಮಾನಸಿಕ ಕಾಯಿಲೆಯ ಮಾತ್ರೆಯನ್ನೋ ಕೊಡುವುದನ್ನು ದಯವಿಟ್ಟು ತಡೆಯಿರಿ. ಸೈಕೋಸಿಸ್‌ಗೆ, ಅಂದರೆ ಇಲ್ಲದ್ದು ಕಾಣುವ, ಕೇಳಿಸುವ ಮಾನಸಿಕ ಕಾಯಿಲೆಗೆ, ಕೊಡುವ ಔಷಧಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯಿಲ್ಲದಾಗ ವೈದ್ಯರು ಅವನ್ನು ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ ಮಾತ್ರ ಬಳಸುತ್ತಾರೆ. ಇನ್ನೊಂದು ಸಂಗತಿ ಬಹಳ ಮುಖ್ಯ: ಆಕೆಯ ಗೊಂದಲ ಒಂದೆರಡು ದಿನದಲ್ಲೇ ಹಠಾತ್ತನೆ ಏರಿದರೆ, ಇದ್ದಕ್ಕಿದ್ದಂತೆ ಮಂಪರಾದರೆ, ಇಲ್ಲದ್ದು ಕಾಣತೊಡಗಿದರೆ, ಕಾಯಿಲೆ ಮುಂದುವರಿದಿದೆ ಎಂದುಕೊಳ್ಳಬೇಡಿ. ಮೂತ್ರದ ಸೋಂಕು, ನಿರ್ಜಲೀಕರಣ, ಹೊಸ ಮಾತ್ರೆ ಇಂಥ ಕಾರಣಗಳಿಂದ ಬರುವ ಡೆಲಿರಿಯಂ ಅದಾಗಿರಬಹುದು, ಅದಕ್ಕೆ ಅಂದೇ ಆಸ್ಪತ್ರೆ ಬೇಕು.

ನಿಮ್ಮ ಮಗ ಆ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ. ಇದು ಅಂಟುವ ಕಾಯಿಲೆಯಲ್ಲ, ಮಕ್ಕಳ ಜೊತೆ ಕುಳಿತಿರುವ ಹೊತ್ತು ಅನೇಕರಿಗೆ ನೆಮ್ಮದಿಯದು. ಅಜ್ಜಿಯ ಮೆದುಳಿಗೆ ಕಾಯಿಲೆ ಬಂದಿರುವ ಹಾಗಿದೆ, ಅದಕ್ಕೇ ಕೇಳಿದ್ದು ಮರೆಯುತ್ತಾರೆ, ಬೈದರೆ ಅದು ನಿನ್ನ ಮೇಲಿನ ಸಿಟ್ಟಲ್ಲ ಎಂದು ನೇರವಾದ ಮಾತಿನಲ್ಲಿ ಅವನಿಗೆ ಹೇಳಿ. ಒಂದು ಲೆಕ್ಕವನ್ನೋ ಚಿತ್ರವನ್ನೋ ತೆಗೆದುಕೊಂಡು ಹೋಗಿ ತೋರಿಸಲಿ. ಕಾವಲು ಕಾಯುವ ಹೊಣೆಯನ್ನು ಮಾತ್ರ ಅವನಿಗೆ ಒಪ್ಪಿಸಬೇಡಿ. ಅವನು ಅಲ್ಲಿರುವಾಗ ಮೇಷ್ಟ್ರೋ ನೀವೋ ಅದೇ ಕೋಣೆಯಲ್ಲಿರಬೇಕು, ಆಕೆ ಕಳವಳಗೊಂಡರೆ ಅವನು ಏನೂ ಸಮಾಧಾನ ಹೇಳಲು ಹೋಗದೆ ನಿಮ್ಮನ್ನು ಕರೆದರೆ ಸಾಕು ಎಂಬುದನ್ನು ಮೊದಲೇ ತಿಳಿಸಿರಿ.